ಒಗಟಿನ ಸೀರೀಸ್: ನೋಡಬೇಕಾ, ಬಿಡಬೇಕಾ? ಮೊದಲೇ ತೀರ್ಮಾನಿಸುವುದು ಹೀಗೆ

ದಾವಣಗೆರೆಯಲ್ಲಿ ನಾಲ್ಕು ಜನ ಬೆಣ್ಣೆ ದೋಸೆ ತಿನ್ನೋಕೆ ಕೂತರೆ ಈಗ ಸಿನಿಮಾಗಿಂತ ಸೀರೀಸ್ ಮಾತೇ ಜಾಸ್ತಿ. ‘ಚೆನ್ನಾಗಿದೆಯಂತೆ, ಆದ್ರೆ ಅರ್ಥ ಆಗಲ್ವಂತೆ.’ ‘ಮೊದಲ ಸೀಸನ್ ಸೂಪರ್, ಆಮೇಲೆ ಹಾಳು ಮಾಡಿದ್ರು.’ ‘ಇನ್ನೂ ಮುಗಿದೇ ಇಲ್ಲ ಕಣೋ.’ ಮೂರೂ ಮಾತಲ್ಲಿ ನಿಜ ಇರುತ್ತದೆ. ಆದರೆ ನಾವು ಶುರು ಮಾಡಬೇಕಾ ಬೇಡ್ವಾ ಅನ್ನುವುದಕ್ಕೆ ಅದರಿಂದ ಉತ್ತರ ಸಿಗುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಒಂದೇ ಬಗೆಯ ಸೀರೀಸ್ ಬಗ್ಗೆ. ದೊಡ್ಡ ಬಜೆಟ್, ನುರಿತ ನಟರು, ಸಿನಿಮಾ ಮಟ್ಟದ ಚಿತ್ರೀಕರಣ, ಕಥೆಯ ನಡುಮಧ್ಯೆ ಒಂದು ದೊಡ್ಡ ಒಗಟು. ಹುಡುಗಿಯನ್ನು ಕೊಂದವರು ಯಾರು? ಈ ಕಂಪನಿ ನಿಜವಾಗಿ ಏನು ಮಾಡುತ್ತದೆ? ಮಕ್ಕಳು ಎಲ್ಲಿ ಮಾಯವಾದರು? ದಿನದ ಧಾರಾವಾಹಿಯನ್ನು ಬೀನ್ಸ್ ಮುರಿಯುತ್ತಾ ನೋಡಬಹುದು, ಎರಡು ದಿನ ತಪ್ಪಿದರೂ ನಷ್ಟವಿಲ್ಲ. ಇವು ಹಾಗಲ್ಲ. ಒಂದು ಮಾತು ತಪ್ಪಿದರೆ ಎಳೆಯೇ ತಪ್ಪುತ್ತದೆ. ಅಷ್ಟು ಗಮನ ಕೇಳುವ ಕಥೆಯನ್ನು ಆರಿಸುವಾಗ ಸ್ವಲ್ಪ ವಿಚಾರ ಮಾಡಲೇಬೇಕು, ಅಲ್ವಾ?

ಮೊದಲು ಗಂಟೆ ಲೆಕ್ಕ

ಎಷ್ಟು ಸೀಸನ್ ಅಂತ ಕೇಳಬೇಡಿ, ಎಷ್ಟು ಗಂಟೆ ಅಂತ ನೋಡಿ. ಸೀಸನ್ ಅನ್ನುವುದಕ್ಕೆ ಒಂದು ಅಳತೆ ಇಲ್ಲ. ‘ಮೇರ್ ಆಫ್ ಈಸ್ಟ್‌ಟೌನ್’ 7 ಕಂತಿಗೆ ಮುಗಿಯುತ್ತದೆ. ಜರ್ಮನಿಯ ‘ಡಾರ್ಕ್’ ಮೂರು ಸೀಸನ್ ಸೇರಿ 26 ಕಂತು, 20 ಗಂಟೆ ದಾಟುತ್ತದೆ. 2004ರಲ್ಲಿ ಶುರುವಾಗಿ 2010ರಲ್ಲಿ ಮುಗಿದ ‘ಲಾಸ್ಟ್’ ಸುಮಾರು 120 ಕಂತು, 80 ಗಂಟೆಗೂ ಜಾಸ್ತಿ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ರಾತ್ರಿ ಒಂಬತ್ತಕ್ಕೆ ಮನೆಗೆ ಬರುವವರಿಗೆ ದಿನಕ್ಕೆ ಒಂದು ಕಂತು ನೋಡುವುದೇ ಕಷ್ಟ. ಅಂಥವರು ‘ಲಾಸ್ಟ್’ ಹಿಡಿದರೆ ಯುಗಾದಿಗೆ ಶುರು ಮಾಡಿದ್ದು ಶ್ರಾವಣಕ್ಕೂ ಮುಗಿಯುವುದಿಲ್ಲ. ಅಷ್ಟರಲ್ಲಿ ಮೊದಲ ಸೀಸನ್ನಿನ ಸುಳಿವುಗಳು ಮರೆತೇ ಹೋಗಿರುತ್ತವೆ. ಇಂಥವರಿಗೆ 7-8 ಕಂತಿನ ಕಥೆಯೇ ಸರಿ.

ಮುಗಿದಿದೆಯಾ? ಮುಗಿಸಿದ್ದಾರಾ, ನಿಲ್ಲಿಸಿದ್ದಾರಾ?

ನನ್ನ ಮಟ್ಟಿಗೆ ತುಂಬಾ ಮುಖ್ಯವಾದ ವಿಚಾರಣೆ ಇದು. ಇದನ್ನು ತಿಳಿಯೋಕೆ ಎರಡು ನಿಮಿಷ ಸಾಕು.

ಬರಾನ್ ಬೋ ಓಡರ್ ಮತ್ತು ಯಾಂಟ್ಯೆ ಫ್ರೀಸೆ ಎಂಬ ಜೋಡಿ 2017ರಿಂದ 2020ರವರೆಗೆ ‘ಡಾರ್ಕ್’ ಮಾಡಿತು. ಮೂರು ಸೀಸನ್ನಿನ ಕಥೆ ಅಂತ ಲೆಕ್ಕ ಹಾಕಿಯೇ ಮಾಡಿದ್ದರು, ಮೂರಕ್ಕೇ ಮುಗಿಸಿದರು. ಮೊದಲ ಕಂತಿನಲ್ಲಿ ಬಿದ್ದ ಗಂಟು ಕೊನೆಯ ಕಂತಿನಲ್ಲಿ ಬಿಚ್ಚುತ್ತದೆ. ಅದೇ ಜೋಡಿ 2022ರ ನವೆಂಬರ್‌ನಲ್ಲಿ ‘1899’ ತಂದಿತು. ಹಡಗಿನ ಕಥೆ, 8 ಕಂತು. ಕೊನೆಯ ಕಂತಿನ ಕೊನೆಯಲ್ಲಿ ಕಥೆ ಇದ್ದಕ್ಕಿದ್ದಂತೆ ಹೊಸದೊಂದು ಒಗಟಿನೊಳಗೆ ಹೊಕ್ಕುತ್ತದೆ. 2023ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಅದನ್ನು ಅಲ್ಲಿಗೇ ನಿಲ್ಲಿಸಿತು. ಬರೆದವರು ಅವರೇ, ಕೈಚಳಕವೂ ಅದೇ. ಒಂದು ಪೂರ್ತಿಯಾಯಿತು, ಇನ್ನೊಂದು ಬಾಗಿಲಲ್ಲೇ ನಿಂತಿತು. ಹಾಗಾಗಿ ಮಾಡಿದವರ ಹೆಸರು ನೋಡಿ ನಂಬಿದರೆ ಸಾಲದು.

‘ವೆಸ್ಟ್‌ವರ್ಲ್ಡ್’ ಕೂಡ ಹೀಗೇ. 2016ರಲ್ಲಿ ಬಂದಾಗ ಎಲ್ಲರ ಬಾಯಲ್ಲೂ ಅದೇ ಮಾತು. ಐದನೇ ಸೀಸನ್ನಿಗೆ ಮುಗಿಸಬೇಕು ಅಂತ ಮಾಡಿದವರ ಆಸೆ ಇತ್ತು. ನಾಲ್ಕಕ್ಕೇ, 2022ರಲ್ಲಿ, ಎಚ್‌ಬಿಒ ಚಾನೆಲ್ ಕೈಬಿಟ್ಟಿತು.

ಕಥೆಯ ಕೊನೆ ಎಲ್ಲಿ ಅಂತ ಬರೆಯುವವರಿಗೇ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ‘ಲಾಸ್ಟ್’ ಒಳ್ಳೆಯ ಉದಾಹರಣೆ. ಮೂರನೇ ಸೀಸನ್ನಿನಲ್ಲಿ ನಾಯಕನ ತೋಳಿನ ಹಚ್ಚೆ ಎಲ್ಲಿಂದ ಬಂತು ಅಂತ ತೋರಿಸೋಕೆ ಒಂದು ಇಡೀ ಕಂತು ಕಳೆದರು. ಆ ಹಚ್ಚೆಯ ಗುಟ್ಟು ಯಾವ ಪ್ರೇಕ್ಷಕನಿಗೂ ಬೇಕಿರಲಿಲ್ಲ. ಚಾನೆಲ್‌ಗೆ ಕಥೆ ಓಡುತ್ತಲೇ ಇರಬೇಕಿತ್ತು, ಬರಹಗಾರರಿಗೆ ಕೊನೆಯ ಕಡೆ ಹೆಜ್ಜೆ ಇಡುವ ಹಾಗಿರಲಿಲ್ಲ. ಮಧ್ಯೆ ಏನಾದರೂ ತುಂಬಬೇಕಿತ್ತು, ತುಂಬಿದರು. 2007ರ ಮೇ ತಿಂಗಳಲ್ಲಿ ಎಬಿಸಿ ಚಾನೆಲ್ 2010ಕ್ಕೆ ಮುಗಿಸುತ್ತೇವೆ ಅಂತ ಮೂರು ವರ್ಷ ಮೊದಲೇ ಹೇಳಿತು. ಅಲ್ಲಿಂದ ಕಥೆಗೆ ವೇಗ ಬಂತು.

ಇದರಿಂದ ಒಂದು ಕೆಲಸದ ಮಾತು ಸಿಗುತ್ತದೆ. ಸೀರೀಸ್ ಇನ್ನೂ ನಡೆಯುತ್ತಿದ್ದರೆ, ಎಷ್ಟು ಸೀಸನ್ನಿಗೆ ಮುಗಿಸುತ್ತೇವೆ ಅಂತ ಮಾಡಿದವರು ಹೇಳಿದ್ದಾರಾ ನೋಡಿ. ಹೇಳಿದ್ದರೆ ಧೈರ್ಯವಾಗಿ ಶುರು ಮಾಡಿ. ಹೇಳಿಲ್ಲದಿದ್ದರೆ ಮುಂದಿನ ಪರೀಕ್ಷೆಗಳಲ್ಲಿ ಅದು ಚೆನ್ನಾಗಿಯೇ ಪಾಸಾಗಬೇಕು.

ಎರಡು ಕಂತು ನೋಡಿ, ಒಂದಲ್ಲ

ಮೊದಲ ಕಂತಿಗೆ ಮರುಳಾಗಬೇಡಿ. ಅದನ್ನು ಮಾಡುವುದೇ ಚಾನೆಲ್‌ನವರನ್ನು, ನಮ್ಮನ್ನು ಒಪ್ಪಿಸೋಕೆ. ‘ಲಾಸ್ಟ್’ನ ಶುರುವಿನ ಕಂತು ಆ ಕಾಲಕ್ಕೆ ಅಮೆರಿಕದ ಟಿವಿಯಲ್ಲೇ ತುಂಬಾ ದುಬಾರಿಯಾದವುಗಳಲ್ಲಿ ಒಂದು. ಮೊದಲ ಕಂತಿನಲ್ಲಿ ಪ್ರಶ್ನೆ ಎಸೆಯುವುದು ಸುಲಭ. ಎರಡನೆಯದರಲ್ಲಿ ಆ ಪ್ರಶ್ನೆಯಿಂದ ಯಾರ ಬದುಕಿಗೆ ಏನಾಯಿತು ಅಂತ ತೋರಿಸಬೇಕು. ಅಲ್ಲೂ ಬರೀ ಹೊಸ ಪ್ರಶ್ನೆಗಳೇ ಬಂದರೆ, ಹಳೆಯದನ್ನು ಯಾರೂ ನೆನೆಯದಿದ್ದರೆ, ಹತ್ತನೆಯದರಲ್ಲೂ ಹಾಗೇ ಇರುತ್ತದೆ ಅಂತ ತಿಳಿಯಿರಿ.

‘ಐದು ಕಂತು ಸಹಿಸ್ಕೋ, ಆಮೇಲೆ ಚೆನ್ನಾಗಿದೆ’ ಅನ್ನುವ ಗೆಳೆಯರು ಎಲ್ಲ ಊರಲ್ಲೂ ಇದ್ದಾರೆ. ನಾನು ಒಪ್ಪುವುದಿಲ್ಲ. ನಿಧಾನ ಇರಲಿ, ಚಿಂತೆಯಿಲ್ಲ. ಆದರೆ ಎರಡು ಗಂಟೆಯಲ್ಲಿ ಒಬ್ಬ ಮನುಷ್ಯನ ಮೇಲಾದರೂ ನಮಗೆ ಅಕ್ಕರೆ ಹುಟ್ಟಬೇಕು.

ಒಗಟು ತೆಗೆದುಬಿಟ್ಟರೆ ಏನು ಉಳಿಯುತ್ತದೆ?

ಎರಡು ಕಂತು ಆದ ಮೇಲೆ ಟಿವಿ ಆರಿಸಿ, ಮನೆಯಲ್ಲಿ ಯಾರಿಗಾದರೂ ಕಥೆ ಹೇಳಿ. ಒಂದು ಷರತ್ತು: ಒಗಟನ್ನು ಬಿಟ್ಟು ಹೇಳಬೇಕು. ಹೇಳೋಕೆ ಏನಾದರೂ ಉಳಿದರೆ ಸೀರೀಸ್ ಗಟ್ಟಿ.

‘ಸೆವೆರೆನ್ಸ್’ ತಗೊಳ್ಳಿ. 2022ರ ಫೆಬ್ರವರಿಯಲ್ಲಿ ಬಂತು. ಮೊದಲ ದೃಶ್ಯದಲ್ಲಿ ಒಬ್ಬಳು ಹೆಣ್ಣುಮಗಳು ಮೀಟಿಂಗ್ ಕೋಣೆಯ ಉದ್ದದ ಮೇಜಿನ ಮೇಲೆ ಮಲಗಿದ್ದಾಳೆ. ಕಿಟಕಿ ಇಲ್ಲ. ಮೇಜಿನ ಮೇಲಿನ ಸ್ಪೀಕರ್‌ನಿಂದ ಒಂದು ಗಂಡು ದನಿ ಕೇಳುತ್ತದೆ: ನೀನು ಯಾರು? ಅವಳಿಗೆ ತನ್ನ ಹೆಸರು ಗೊತ್ತಿಲ್ಲ. ಹುಟ್ಟಿದ ಊರು ಗೊತ್ತಿಲ್ಲ. ದನಿ ಮಾತ್ರ ನಯವಾಗಿ ಒಂದೊಂದೇ ಪ್ರಶ್ನೆ ಮುಂದಿಡುತ್ತದೆ. ಬಾಗಿಲು ಬಡಿದರೂ ತೆರೆಯುವುದಿಲ್ಲ. ಇದು ಒಗಟಿನ ಭಾಗ. ಲ್ಯೂಮನ್ ಅನ್ನುವ ಆ ಕಂಪನಿಯಲ್ಲಿ ನೌಕರರ ನೆನಪನ್ನು ಎರಡಾಗಿ ಸೀಳಿರುತ್ತಾರೆ. ಕೆಲಸದಲ್ಲಿದ್ದಾಗ ಮನೆ ನೆನಪಿಲ್ಲ, ಮನೆಗೆ ಹೋದರೆ ಕೆಲಸ ನೆನಪಿಲ್ಲ. ಇಡೀ ದಿನ ಕಂಪ್ಯೂಟರ್ ಪರದೆಯ ಮೇಲಿನ ಅಂಕಿಗಳನ್ನು ಆರಿಸಿ ಡಬ್ಬಕ್ಕೆ ಹಾಕುತ್ತಾರೆ. ಯಾಕೆ ಅಂತ ಅವರಿಗೇ ಗೊತ್ತಿಲ್ಲ.

ಈಗ ಅದನ್ನೆಲ್ಲ ತೆಗೆಯಿರಿ. ಹೆಂಡತಿಯನ್ನು ಕಳೆದುಕೊಂಡ ಒಬ್ಬ ಗಂಡಸು ಉಳಿಯುತ್ತಾನೆ. ದುಃಖ ತಡೆಯೋಕೆ ಆಗದೆ, ದಿನಕ್ಕೆ ಎಂಟು ಗಂಟೆಯಾದರೂ ಅವಳನ್ನು ಮರೆತಿರಬೇಕು ಅಂತ ಈ ಕೆಲಸಕ್ಕೆ ಒಪ್ಪಿದವನು. ಬೆಳಿಗ್ಗೆ ಆಫೀಸಿನ ಮುಂದೆ ಕಾರಲ್ಲಿ ಕೂತು ಅಳುತ್ತಾನೆ. ಕಣ್ಣು ಒರೆಸಿಕೊಂಡು ಒಳಗೆ ಹೋಗುತ್ತಾನೆ. ಲಿಫ್ಟ್ ಇಳಿಯುವಷ್ಟರಲ್ಲಿ ತಾನು ಯಾಕೆ ಅತ್ತೆ ಅನ್ನುವುದೇ ಅವನಿಗೆ ಗೊತ್ತಿರುವುದಿಲ್ಲ. ಕಂಪನಿಯ ಗುಟ್ಟು ಕೊನೆಗೆ ಚಪ್ಪೆ ಅನ್ನಿಸಿದರೂ ಇವನನ್ನು ನೋಡಿದ ಗಂಟೆಗಳು ವ್ಯರ್ಥವಲ್ಲ. ಈ ಸೀರೀಸ್ ಮುಗಿದಿಲ್ಲ, ಎರಡನೇ ಸೀಸನ್ ಬರೋಕೆ 2025ರ ಜನವರಿಯವರೆಗೆ ಕಾಯಬೇಕಾಯಿತು. ಆದರೂ ನೋಡಿ ಅಂತಲೇ ಹೇಳುತ್ತೇನೆ.

ಪಕ್ಕದ ಚಿತ್ರದುರ್ಗದ ಕೋಟೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಓಬವ್ವನ ಕಿಂಡಿ ಅಂದರೆ ಬಂಡೆಗಳ ನಡುವೆ ಒಬ್ಬರು ನುಸುಳುವಷ್ಟು ಸಂದು, ಅಷ್ಟೇ. ಕೋಟೆಯಲ್ಲಿ ಇನ್ನೂ ಎಷ್ಟೋ ಕಳ್ಳದಾರಿಗಳಿವೆ. ಜನ ಹುಡುಕಿಕೊಂಡು ಹೋಗುವುದು ಈ ಸಂದಿಗೆ. ಯಾಕೆಂದರೆ ಊಟಕ್ಕೆ ಕೂತ ಗಂಡನಿಗೆ ನೀರು ತರೋಕೆ ಬಂದವಳೊಬ್ಬಳು ಇಲ್ಲಿ ಒನಕೆ ಹಿಡಿದು ನಿಂತಿದ್ದಳು. ಸೀರೀಸ್‌ನಲ್ಲೂ ಕಿಂಡಿ ಎಷ್ಟು ಚೆನ್ನಾಗಿದೆ ಅಂತ ನೋಡುವುದಕ್ಕಿಂತ ಅಲ್ಲಿ ಯಾರು ನಿಂತಿದ್ದಾರೆ ಅಂತ ನೋಡಿ.

ಬರೀ ಉತ್ತರದ ಮೇಲೆ ನಿಂತ ಕಥೆಗೆ ಉತ್ತರ ಸಿಕ್ಕ ದಿನವೇ ಕಷ್ಟ ಶುರು. 1990ರಲ್ಲಿ ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಮಾಡಿದ ‘ಟ್ವಿನ್ ಪೀಕ್ಸ್’ ಅಮೆರಿಕವನ್ನೇ ಒಂದು ಪ್ರಶ್ನೆಗೆ ಕಟ್ಟಿಹಾಕಿತ್ತು: ಲಾರಾ ಪಾಮರ್‌ಳನ್ನು ಕೊಂದವರು ಯಾರು? ಚಾನೆಲ್‌ನ ಒತ್ತಾಯಕ್ಕೆ ಎರಡನೇ ಸೀಸನ್ನಿನ ಮಧ್ಯದಲ್ಲೇ ಉತ್ತರ ಕೊಟ್ಟರು. ನೋಡುಗರು ಕರಗಿದರು, 1991ರಲ್ಲಿ ನಿಂತೇ ಹೋಯಿತು. ಇದಕ್ಕೆ ಪೂರ್ತಿ ತದ್ವಿರುದ್ಧ ‘ದಿ ಲೆಫ್ಟೋವರ್ಸ್’. ಒಂದು ದಿನ ಜಗತ್ತಿನ ನೂರಕ್ಕೆ ಇಬ್ಬರು ಇದ್ದಕ್ಕಿದ್ದಂತೆ ಮಾಯವಾಗುತ್ತಾರೆ. ಎಲ್ಲಿಗೆ, ಯಾಕೆ ಅನ್ನುವುದನ್ನು ಬಿಡಿಸುವ ಹಟವೇ ಅದಕ್ಕಿಲ್ಲ. ಉಳಿದವರು ಹೇಗೆ ಬದುಕಿದರು ಅನ್ನುವುದೇ 28 ಕಂತಿನ ಕಥೆ. ಉತ್ತರ ಬೇಕೇ ಬೇಕು ಅನ್ನುವವರು ಅದರ ತಂಟೆಗೆ ಹೋಗಬೇಡಿ. ಮನೆಯಲ್ಲಿ ಒಂದು ಸಾವು ಕಂಡವರಿಗೆ ಮಾತ್ರ ಅದು ಬೇರೆಯೇ ರೀತಿ ತಟ್ಟುತ್ತದೆ.

ಪಾತ್ರಗಳು ಯಾಕೆ ಬಾಯಿ ಬಿಡುತ್ತಿಲ್ಲ?

ಒಬ್ಬನಿಗೆ ಗುಟ್ಟು ಗೊತ್ತಿದೆ. ಎದುರಿಗೆ ನಿಂತವಳು ಕೇಳುತ್ತಾಳೆ. ‘ಈಗ ಹೇಳೋಕಾಗಲ್ಲ’ ಅಂತ ಅವನು ಎದ್ದು ಹೋಗುತ್ತಾನೆ. ಯಾಕೆ ಆಗಲ್ಲ? ಅವನಿಗೆ ಭಯ, ನಾಚಿಕೆ, ಯಾರನ್ನೋ ಕಾಪಾಡುವ ಬಯಕೆ ಇದ್ದರೆ ಸರಿ. ಕಾರಣವೇ ಇಲ್ಲದೆ ಸುಮ್ನೆ ಸುಮ್ಮನಿದ್ದರೆ, ಕಂತು ಎಳೆಯೋಕೆ ಬರಹಗಾರ ಅವನ ಬಾಯಿ ಮುಚ್ಚಿದ್ದಾನೆ ಅಂತ ಅರ್ಥ. ಇದು ಪದೇ ಪದೇ ಕಂಡರೆ ಬಿಟ್ಟುಬಿಡಿ.

ನೋಡಿದವರ ಹತ್ತಿರ ಕೇಳುವುದು ಹೇಗೆ

‘ಚೆನ್ನಾಗಿದೆಯಾ?’ ಅಂತ ಕೇಳಿದರೆ ‘ಚೆನ್ನಾಗಿದೆ’ ಅನ್ನುತ್ತಾರೆ, ಮುಗಿಯಿತು. ಬದಲಿಗೆ ಹೀಗೆ ಕೇಳಿ: ಶುರುವಿನಲ್ಲಿ ಕೇಳಿದ ದೊಡ್ಡ ಪ್ರಶ್ನೆಗೆ ಉತ್ತರ ಸಿಗುತ್ತಾ, ಇಲ್ವಾ? ಉತ್ತರ ಏನು ಅಂತ ಬೇಡ, ಹೌದು ಅಥವಾ ಇಲ್ಲ ಸಾಕು. ಗುಟ್ಟು ಉಳಿಯುತ್ತದೆ, ನಮಗೆ ಬೇಕಾದದ್ದೂ ಸಿಗುತ್ತದೆ. ಇನ್ನೊಂದು: ಉತ್ತರ ಗೊತ್ತಿದ್ದೂ ಮತ್ತೊಮ್ಮೆ ನೋಡ್ತೀಯಾ? ಇದಕ್ಕೆ ತಡವರಿಸದೆ ಹೂಂ ಅಂದರೆ ಆ ಸೀರೀಸ್ ಅನ್ನು ಕಣ್ಣು ಮುಚ್ಚಿ ನಂಬಬಹುದು.

ಈ ಎರಡನೇ ಪ್ರಶ್ನೆ ಕೇಳಿದಾಗ ನನಗೆ ನೆನಪಾಗುವುದು ವಿದೇಶದ್ದಲ್ಲ. ಸದಾನಂದ ಸುವರ್ಣ ಅವರು ದೂರದರ್ಶನಕ್ಕೆ ಮಾಡಿದ ‘ಗುಡ್ಡದ ಭೂತ’. 13 ಕಂತಿಗೆ ಕಥೆ ಮುಗಿಸಿದರು. ಆ ಕಾಲದಲ್ಲಿ ಅದನ್ನು ನೋಡಿ ಬೆಳೆದವರಿಗೆ ಭೂತದ ಗುಟ್ಟು ಗೊತ್ತೇ ಇದೆ, ಆದರೂ ಈಗಲೂ ಪ್ರೀತಿಯಿಂದ ಮಾತಾಡುತ್ತಾರೆ. ಒಗಟಿನ ಕಥೆಯನ್ನು ಅಳತೆ ತಪ್ಪದೆ ಹೇಳುವುದು ಕನ್ನಡಕ್ಕೆ ಹೊಸದೇನಲ್ಲ.

ಯಾರ ಜೊತೆ ನೋಡುತ್ತೀರಿ?

ಮನೆಯವರೆಲ್ಲ ಕೂತು ನೋಡುವುದಾದರೆ ಭಾಷೆ ದೊಡ್ಡ ವಿಷಯ. ಸಬ್‌ಟೈಟಲ್ ಓದೋಕೆ ಅಮ್ಮನಿಗೆ ಕಷ್ಟ ಆದರೆ ಅರ್ಧ ಗಂಟೆಯಲ್ಲಿ ಎದ್ದು ಹೋಗುತ್ತಾರೆ, ನಮಗೂ ಖುಷಿ ಇರುವುದಿಲ್ಲ. 2022ರಲ್ಲಿ ಬಂದ ತಮಿಳಿನ ‘ಸುಳಲ್’ಗೆ ಕನ್ನಡ ಡಬ್ಬಿಂಗ್ ಇದೆ, ಮೊದಲ ಸೀಸನ್ 8 ಕಂತು. ಸಣ್ಣ ಊರು, ಒಂದು ಸಿಮೆಂಟ್ ಕಾರ್ಖಾನೆ, ಕಾರ್ಮಿಕರ ಸಂಘ, ಊರ ಹಬ್ಬ, ಅದರ ನಡುವೆ ಕಾಣೆಯಾಗುವ ಹುಡುಗಿ. ಹತ್ತಿ ಗಿರಣಿಗಳ ಕಾಲ ಕಂಡ ದಾವಣಗೆರೆಯ ಹಿರಿಯರಿಗೆ, ಹರಿಹರದ ಕಡೆ ಕಾರ್ಖಾನೆಯಲ್ಲಿ ದುಡಿದ ಮನೆಯವರಿಗೆ ಆ ಊರಿನ ಜಗಳಗಳು ಪರಿಚಯದವೇ ಅನ್ನಿಸುತ್ತವೆ.

ಬೆಂಗಳೂರಿನ ಬಸ್ಸಲ್ಲಿ ಮೊಬೈಲ್‌ನಲ್ಲಿ ನೋಡಿ ಮುಗಿಸೋಣ ಅನ್ನುವವರಿಗೆ ಒಂದು ಮಾತು. ಈ ಬಗೆಯ ಸೀರೀಸ್‌ಗಳಲ್ಲಿ ಅರ್ಧ ದೃಶ್ಯ ಕತ್ತಲಲ್ಲೇ ನಡೆಯುತ್ತವೆ. ಹಿರಿಯೂರು ದಾಟುವಾಗಿನ ಬಿಸಿಲಲ್ಲಿ ಪರದೆಯ ಮೇಲೆ ನಿಮ್ಮ ಮುಖ ಬಿಟ್ಟು ಬೇರೇನೂ ಕಾಣುವುದಿಲ್ಲ.

ಮಧ್ಯದಲ್ಲಿ ಬಿಡುವುದಾದರೆ

ಇಷ್ಟು ನೋಡಿದ್ದೀನಲ್ಲ, ಹೇಗೆ ಬಿಡಲಿ ಅಂತ ಎಷ್ಟೋ ಜನ ಇಷ್ಟವಿಲ್ಲದಿದ್ದರೂ ಮುಂದುವರಿಸುತ್ತಾರೆ. ಅವರನ್ನು ಹಿಡಿದಿಟ್ಟಿರುವುದು ಕಥೆಯಲ್ಲ, ಉತ್ತರ ಗೊತ್ತಿಲ್ಲ ಅನ್ನುವ ಕಿರಿಕಿರಿ. ಅದಕ್ಕೆ ಮದ್ದು ಸುಲಭ: ಕೊನೆಯಲ್ಲಿ ಏನಾಗುತ್ತದೆ ಅಂತ ಓದಿಬಿಡಿ. ಓದಿದ ಮೇಲೂ ಆ ದೃಶ್ಯವನ್ನು ಕಣ್ಣಾರೆ ನೋಡಬೇಕು ಅನ್ನಿಸಿದರೆ ಮುಂದುವರಿಸಿ. ಸಮಾಧಾನ ಆಗಿಹೋದರೆ ಅಲ್ಲಿಗೇ ನಿಲ್ಲಿಸಿ.

ಈ ವಾರಾಂತ್ಯಕ್ಕೇ ಶುರು ಮಾಡುವವರು, ಒಬ್ಬರೇ ನೋಡುವುದಾದರೆ ‘ಮೇರ್ ಆಫ್ ಈಸ್ಟ್‌ಟೌನ್’ ಹಿಡಿಯಿರಿ, ಮನೆಯವರ ಜೊತೆಗಾದರೆ ‘ಸುಳಲ್’. ದಸರಾ ರಜೆಯಷ್ಟು ಸಮಯ ಇದ್ದರೆ ‘ಡಾರ್ಕ್’. ಅದರಲ್ಲಿ ನಾಲ್ಕು ಮನೆತನಗಳಿವೆ, ಕಥೆ 1953, 1986, 2019 ಅಂತ 33 ವರ್ಷಕ್ಕೊಮ್ಮೆ ಜಿಗಿಯುತ್ತದೆ. ಒಬ್ಬರೇ ಮನುಷ್ಯರನ್ನು ಮೂರು ವಯಸ್ಸಿನಲ್ಲಿ ಮೂವರು ನಟರು ಮಾಡಿರುತ್ತಾರೆ. ಮೊದಲ ಕಂತಿನಿಂದಲೇ ಒಂದು ಹಾಳೆ, ಪೆನ್ನು ಪಕ್ಕದಲ್ಲಿರಲಿ. ಯಾರ ಮಗ ಯಾರು ಅಂತ ಬರೆಯುತ್ತಾ ಹೋಗಿ, ಪಕ್ಕದಲ್ಲಿ ಸ್ವಲ್ಪ ಜಾಗ ಬಿಟ್ಟು ಬರೆಯಿರಿ. ಮೂರನೇ ಸೀಸನ್ನಿನಲ್ಲಿ ಆ ಜಾಗ ಬೇಕಾಗುತ್ತದೆ.