ಮಕ್ಕಳ ಜೊತೆ ಸ್ನಾರ್ಕ್ಲಿಂಗ್: ತಯಾರಿ ಬಚ್ಚಲುಮನೆಯಿಂದಲೇ ಶುರು

ಏಪ್ರಿಲ್ ರಜೆಗೆ ಅಂಡಮಾನ್ ಪ್ಯಾಕೇಜ್ ಬುಕ್ ಮಾಡುವವರು ಮೈಸೂರು, ಮಂಡ್ಯದಲ್ಲಿ ಈಗ ಕಮ್ಮಿಯೇನಿಲ್ಲ. ಅದರಲ್ಲಿ ಒಂದು ದಿನ ಸ್ನಾರ್ಕ್ಲಿಂಗ್ ಇದ್ದೇ ಇರುತ್ತದೆ. ಅಂದರೆ ಮಾಸ್ಕ್ ಹಾಕಿ, ಪೈಪಿನಲ್ಲಿ ಉಸಿರಾಡುತ್ತಾ, ನೀರಿನ ಮೇಲೆ ಬೋರಲು ತೇಲಿಕೊಂಡು ಕೆಳಗಿನ ಹವಳ, ಮೀನು ನೋಡುವುದು. ದೊಡ್ಡವರಿಗೆ ಅಲ್ಲೇ ಹತ್ತು ನಿಮಿಷ ಹೇಳಿಕೊಟ್ಟರೆ ನಡೆಯುತ್ತದೆ. ಆರು ವರ್ಷದ ಮಗುವಿಗೆ ಸಾಲದು. ಗುರುತು ಪರಿಚಯವಿಲ್ಲದವರು ಮುಖಕ್ಕೆ ಮಾಸ್ಕ್ ಬಿಗಿದು, ಬಾಯಿಗೆ ಪೈಪ್ ತುರುಕಿ, ಉಪ್ಪುನೀರಲ್ಲಿ ಮುಖ ಮುಳುಗಿಸು ಅಂದರೆ ಯಾವ ಮಗು ತಾನೇ ಒಪ್ಪುತ್ತದೆ? ಮಾಸ್ಕ್, ಪೈಪಿನ ಅಭ್ಯಾಸ ಊರಲ್ಲೇ ಮುಗಿದಿರಬೇಕು. ಅಲ್ಲಿ ಹೊಸದು ಅಂತ ಸಮುದ್ರ ಒಂದೇ ಇರಲಿ.

ಯಾವ ದ್ವೀಪ?

ನಮಗೆ ಹತ್ತಿರದ್ದು ಮುರುಡೇಶ್ವರದ ಆಚೆಯ ನೇತ್ರಾಣಿ. ಚಿಕ್ಕ ಮಕ್ಕಳಿಗೆ ಅದು ಬೇಡ. ದಡದಿಂದ ಸುಮಾರು 19 ಕಿ.ಮೀ. ದೂರ, ತೆರೆದ ಸಮುದ್ರ. ಕಾಲೂರಲು ಮರಳ ದಂಡೆಯಿಲ್ಲ, ದೋಣಿಯಿಂದ ಸೀದಾ ಆಳದ ನೀರಿಗೇ ಇಳಿಯಬೇಕು.

ಅಂಡಮಾನಿನ ಹ್ಯಾವ್ಲಾಕ್‌ನಲ್ಲಿ (2018ರಿಂದ ಸ್ವರಾಜ್ ದ್ವೀಪ) ಇರುವ ಎಲಿಫೆಂಟ್ ಬೀಚ್ ವಾಸಿ. ದೋಣಿಯಲ್ಲಿ ಅರ್ಧ ಗಂಟೆ ಸಾಕು, ಮೊಣಕಾಲುದ್ದ ನೀರಿನಿಂದಲೇ ಶುರು ಮಾಡಬಹುದು. ಜನಜಂಗುಳಿ, ಜೆಟ್ ಸ್ಕೀ ಗಲಾಟೆ ಜಾಸ್ತಿ ಅನ್ನುವುದು ನಿಜ. ದಕ್ಷಿಣ ಅಂಡಮಾನಿನ ವಂಡೂರಿನಿಂದ ಹೋಗುವ ಜಾಲಿ ಬಾಯ್ ದ್ವೀಪ ಶಾಂತವಾಗಿದೆ, ಆದರೆ ಅದು ಸಾಗರ ರಾಷ್ಟ್ರೀಯ ಉದ್ಯಾನದೊಳಗಿದೆ. ಅಂಗಡಿ ಇಲ್ಲ, ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಬುತ್ತಿಯನ್ನು ಸ್ಟೀಲ್ ಡಬ್ಬಿಯಲ್ಲೇ ಕಟ್ಟಿಕೊಳ್ಳಿ. ಅಲ್ಲಿ ಗಾಜಿನ ತಳದ ದೋಣಿಯೂ ಇದೆ. ಐದು ವರ್ಷದೊಳಗಿನ ಮಕ್ಕಳಿಗೆ ಅದೇ ಸಾಕು, ಸುಮ್ನೆ ಮಾಸ್ಕ್ ಹಾಕಿಸಿ ಅಳಿಸಬೇಡಿ.

ದಸರಾ ರಜೆಯಲ್ಲಿ ಅಲ್ಲಿ ಮಳೆ ಇನ್ನೂ ಬಿಟ್ಟಿರುವುದಿಲ್ಲ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ದಿನ ನೋಡಿ.

ಮನೆಯಲ್ಲಿ ಮಾಡುವುದು

ಮಕ್ಕಳ ಅಳತೆಯ ಮಾಸ್ಕ್, ಪೈಪ್ ಇಲ್ಲೇ ಕೊಳ್ಳಿ. ಬಾಡಿಗೆಯದು ಸಾಮಾನ್ಯವಾಗಿ ದೊಡ್ಡವರ ಅಳತೆಯದು. ಪಟ್ಟಿಯನ್ನು ತಲೆಯ ಹಿಂದೆ ಹಾಕದೆ ಮಾಸ್ಕನ್ನು ಮಗುವಿನ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆದುಕೊಳ್ಳಲು ಹೇಳಿ, ಕೈ ಬಿಡಿ. ಬೀಳದೆ ನಿಂತರೆ ಅಳತೆ ಸರಿ. ಜಾರಿದರೆ ಬೇರೆಯದು ನೋಡಿ, ಪಟ್ಟಿ ಬಿಗಿ ಮಾಡಿದರೆ ಸರಿಹೋಗುವುದಿಲ್ಲ. ಇಡೀ ಮುಖ ಮುಚ್ಚುವ ಮಾಸ್ಕ್ ಮಕ್ಕಳಿಗೆ ಬೇಡವೇ ಬೇಡ. ಬಿಟ್ಟ ಉಸಿರು ಒಳಗೇ ಉಳಿಯಬಹುದು, ಗಾಬರಿಯಾದಾಗ ಥಟ್ಟನೆ ಕಿತ್ತೆಸೆಯುವುದೂ ಕಷ್ಟ.

ಹೊಸ ಮಾಸ್ಕಿನ ಗಾಜಿನ ಒಳಮೈಗೆ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ. ಇಲ್ಲದಿದ್ದರೆ ನೀರಿಗಿಳಿದ ಕೂಡಲೇ ಮಂಜು ಹಿಡಿಯುತ್ತದೆ.

ಮೊದಲ ಪಾಠ ಒಣನೆಲದಲ್ಲಿ. ಮಾಸ್ಕ್ ಹಾಕಿಕೊಂಡು, ಪೈಪ್ ಕಚ್ಚಿಕೊಂಡು ಟಿವಿ ನೋಡಲಿ. ಬಾಯಲ್ಲಿ ಮಾತ್ರ ಉಸಿರಾಡುವುದು ಆಟದಲ್ಲೇ ರೂಢಿಯಾಗುತ್ತದೆ. ಆಮೇಲೆ ಬಚ್ಚಲುಮನೆಯ ಟಬ್ಬಿಗೆ ನೀರು ತುಂಬಿ ತಳದಲ್ಲಿ ನಾಣ್ಯ ಹಾಕಿ. ಮುಖ ಮುಳುಗಿಸಿ ಎಷ್ಟಿವೆ ಅಂತ ಎಣಿಸಲಿ. ಪೈಪಿನೊಳಗೆ ನೀರು ಬಂದರೆ ಜೋರಾಗಿ ‘ಟೂ’ ಅಂತ ಊದಬೇಕು. ಇದನ್ನು ನೀವೇ ಮಾಡಿ ತೋರಿಸಿ, ನಿಮ್ಮ ಮೇಲೆ ನೀರು ಹಾರಿದರೆ ಅವರಿಗೆ ಇನ್ನೂ ಖುಷಿ. ಕೊನೆಯ ಪಾಠ ಈಜುಕೊಳದಲ್ಲಿ. ಮೈಸೂರಿನವರಿಗೆ ಸರಸ್ವತಿಪುರಂನ ವಿಶ್ವವಿದ್ಯಾಲಯದ ಈಜುಕೊಳ ಇದೆ. ಬಲಮುರಿಯಲ್ಲೋ ವಿ.ಸಿ. ನಾಲೆಯಲ್ಲೋ ಮಾತ್ರ ಈ ಅಭ್ಯಾಸ ಬೇಡ. ಅಲ್ಲಿನ ಸೆಳೆತ ಮೇಲಿಂದ ಗೊತ್ತಾಗುವುದಿಲ್ಲ.

ಆ ದಿನ

ಅಂಡಮಾನಿನಲ್ಲಿ ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೇ ಸೂರ್ಯ ಮುಳುಗುತ್ತಾನೆ, ಹಾಗಾಗಿ ಬೆಳಗಿನ ಮೊದಲ ದೋಣಿಯನ್ನೇ ಹಿಡಿಯಿರಿ. ತಿಂಡಿಗೆ ಎರಡು ಇಡ್ಲಿ, ಬಾಳೆಹಣ್ಣು ಸಾಕು. ಊರಿಂದ ತಂದ ಚಕ್ಕುಲಿ, ಕೋಡುಬಳೆ ವಾಪಸ್ ಬರುವಾಗ ತಿನ್ನಲಿ. ಬಸ್ಸಿನಲ್ಲೇ ವಾಂತಿ ಮಾಡುವ ಮಗುವಾದರೆ ಮಾತ್ರೆಯ ವಿಚಾರವನ್ನು ಊರಲ್ಲೇ ಡಾಕ್ಟರ್ ಹತ್ತಿರ ಕೇಳಿಕೊಂಡಿರಿ.

ತಲೆಗೆ ಎಣ್ಣೆ ಬೇಡ. ಹಣೆಗೆ ಇಳಿದ ಎಣ್ಣೆಯ ಮೇಲೆ ಮಾಸ್ಕ್ ನಿಲ್ಲುವುದಿಲ್ಲ, ಒಳಗೆ ಸಿಕ್ಕಿಕೊಂಡ ಒಂದು ಎಳೆ ಕೂದಲೂ ನೀರು ಬಿಡುತ್ತದೆ. ಹೆಣ್ಣುಮಕ್ಕಳಿಗೆ ಕತ್ತಿನ ಹತ್ತಿರ ಜಡೆ ಹಾಕಿ. ತುಂಬುತೋಳಿನ ಈಜುಡುಗೆ ಇರಲಿ. ಬೋರಲು ತೇಲುವಾಗ ಸುಡುವುದು ಕತ್ತಿನ ಹಿಂಭಾಗ, ಕಿವಿ, ಮೀನಖಂಡ. ಸನ್‌ಸ್ಕ್ರೀನ್ ಅಲ್ಲಿಗೆ ಹಚ್ಚಿ. ಹಣೆಗೆ ಹಚ್ಚಿದರೆ ಕಣ್ಣಿಗಿಳಿದು ಉರಿಯುತ್ತದೆ.

ಲೈಫ್ ಜಾಕೆಟ್ ಹಾಕಿಸಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಿ ನೋಡಿ. ಗಲ್ಲ ದಾಟಿ ಕಿವಿವರೆಗೆ ಬಂದರೆ ಅದು ದೊಡ್ಡದಾಯಿತು, ಬದಲಾಯಿಸಿ ಅನ್ನಿ. ಸಂಕೋಚ ಬೇಡ.

ಮೊದಲು ಮೊಣಕಾಲುದ್ದ ನೀರಲ್ಲಿ ಕೂರಿಸಿ. ಆಮೇಲೆ ನಿಮ್ಮ ತೋಳಿನ ಮೇಲೆ ಬೋರಲು ಮಲಗಿಸಿಕೊಳ್ಳಿ. ತೇಲುವ ಟ್ಯೂಬನ್ನು ಗೈಡ್ ಎಳೆದುಕೊಂಡು ಹೋಗಲಿ, ಮಗುವಿನ ಕೈ ನಿಮ್ಮ ಕೈಯಲ್ಲೇ ಇರಲಿ. ಒಂದು ಮಗುವಿಗೆ ಒಬ್ಬ ದೊಡ್ಡವರು, ಅವರ ಕೈಯಲ್ಲಿ ಮೊಬೈಲ್ ಇರಕೂಡದು. ಇಪ್ಪತ್ತು ನಿಮಿಷಕ್ಕೆ ಮೇಲೆ ಕರೆತನ್ನಿ. ನೀರು ಬೆಚ್ಚಗಿದ್ದರೂ ಮಕ್ಕಳ ಮೈ ಬೇಗ ತಣ್ಣಗಾಗುತ್ತದೆ. ತುಟಿ ನೀಲಿಯಾದರೆ, ಹಲ್ಲು ಕಟಕಟ ಅಂದರೆ ಅವತ್ತಿಗೆ ಮುಗಿಯಿತು. ದುಡ್ಡು ಕೊಟ್ಟಿದ್ದೇವೆ ಅಲ್ವಾ ಅಂತ ಮತ್ತೆ ಇಳಿಸಬೇಡಿ.

ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಎಚ್ಚರಿಕೆ ಬೋರ್ಡ್ ಇರುವ ಕಡೆ ಕಾಲು ತೊಳೆಯಲೂ ಇಳಿಯಬೇಡಿ. ಜೆಲ್ಲಿ ಮೀನು ತಾಗಿದರೆ ಮರಳಿನಿಂದ ಉಜ್ಜಬಾರದು. ಸಮುದ್ರದ ನೀರಿನಲ್ಲೇ ತೊಳೆದು ಗೈಡ್‌ಗೆ ತೋರಿಸಿ.

ಇನ್ನೊಂದು ಮಾತನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಜಾಹೀರಾತಿನಷ್ಟು ಬಣ್ಣ ಅಲ್ಲಿ ಕಾಣುವುದಿಲ್ಲ. 2010ರಲ್ಲಿ ಸಮುದ್ರ ಬಿಸಿಯೇರಿ ಅಂಡಮಾನಿನ ಹವಳ ಭಾರೀ ಪ್ರಮಾಣದಲ್ಲಿ ಬಿಳಿಚಿಕೊಂಡಿತ್ತು. ಬೂದು ಬಣ್ಣದ ಸತ್ತ ಹವಳವೂ ಕಣ್ಣಿಗೆ ಬೀಳುತ್ತದೆ. ಅದರ ನಡುವೆಯೇ ಗಿಣಿಮೀನು, ಕ್ಲೌನ್ ಫಿಶ್ ಓಡಾಡುತ್ತಿರುತ್ತವೆ. ಕಲ್ಲಿನಂತೆ ಕಂಡರೂ ಹವಳ ಜೀವಿ, ಅದರ ಮೇಲೆ ನಿಲ್ಲುವಂತಿಲ್ಲ.

ಸಂಜೆ ಮಾಸ್ಕನ್ನು ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಪ್ಯಾಕ್ ಮಾಡುವ ಮುಂಚೆ ಮಕ್ಕಳ ಚಡ್ಡಿ ಜೇಬು ಖಾಲಿ ಮಾಡಿಸಿ. ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಸತ್ತ ತುಂಡನ್ನೂ ತರುವಂತಿಲ್ಲ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬ್ಯಾಗ್ ಬಿಚ್ಚಿಸುತ್ತಾರೆ.