ಟ್ರ್ಯಾಕ್‌ಗೆ ಮುನ್ನ ಇಬ್ಬರೂ ಸೇರಿ ಬ್ರೇಕ್ ಬ್ಲೀಡ್ ಮಾಡುವುದು

ಕಾರನ್ನು ರೇಸ್ ಟ್ರ್ಯಾಕ್‌ಗೆ ಒಯ್ಯುವುದಾದರೆ ಎಂಜಿನ್‌ಗೆ ಶಕ್ತಿ ತುಂಬುವ ಮಾತು ಆಮೇಲಿರಲಿ, ಮೊದಲು ಬ್ರೇಕ್ ನೋಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ 230 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯುವುದಿಲ್ಲ. ತೇವ ಸೇರಿದ್ದು 155ಕ್ಕೇ ಕುದಿಯಬಹುದು. ಟ್ರ್ಯಾಕ್‌ನಲ್ಲಿ ಕುದ್ದರೆ ಆವಿ ಗುಳ್ಳೆ ಎದ್ದು ಪೆಡಲ್ ಮೆತ್ತಗಾಗುತ್ತದೆ, ಕಾರು ನಿಲ್ಲುವುದಿಲ್ಲ.

ಅದಕ್ಕೇ ಬ್ಲೀಡ್ ಮಾಡಬೇಕು, ಅಂದರೆ ಹಳೆ ಆಯಿಲ್ ಮತ್ತು ಗಾಳಿಯನ್ನು ಹೊರಹಾಕಿ ಹೊಸ ಆಯಿಲ್ ತುಂಬಬೇಕು. ಇದು ಗಂಡ-ಹೆಂಡತಿಗೆಂದೇ ಇರುವ ಕೆಲಸ. ಪೆಡಲ್ ಮೇಲೆ ನಮ್ಮವರು, ಸ್ಪ್ಯಾನರ್ ಹಿಡಿದು ಚಕ್ರದ ಹತ್ತಿರ ನಾನು. ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಡಿ. ಚಕ್ರದ ಬ್ರೇಕ್‌ನಲ್ಲಿರುವ ಬ್ಲೀಡ್ ನಿಪ್ಪಲ್‌ಗೆ (ಆಯಿಲ್ ಹೊರಬಿಡುವ ಪುಟ್ಟ ಸ್ಕ್ರೂ) ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ನಾನು "ಒತ್ರೀ" ಅಂದಾಗ ಅವರು ಒತ್ತಿ ಹಿಡಿಯಬೇಕು. ನಾನು ನಿಪ್ಪಲ್ ಸಡಿಲಿಸಿ, ಮತ್ತೆ ಬಿಗಿ ಮಾಡಿ, "ಬಿಡ್ರೀ" ಅನ್ನುವ ತನಕ ಕಾಲು ಎತ್ತುವಂತಿಲ್ಲ. ಎತ್ತಿದರೆ ಗಾಳಿ ಒಳಗೆ ನುಗ್ಗಿ ಮತ್ತೆ ಮೊದಲಿಂದ. (ಜಗಳವಾಡಿದ ದಿನ ಈ ಕೆಲಸ ಬೇಡ.) ಗುಳ್ಳೆ ನಿಂತು ಹೊಸ ಆಯಿಲ್ ಬರುವವರೆಗೆ ಹೀಗೇ, ನಡುನಡುವೆ ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿ ಖಾಲಿಯಾಗದಂತೆ ತುಂಬಿಸುತ್ತಿರಿ. ಯಾವ ಚಕ್ರ ಮೊದಲು ಎಂಬುದನ್ನು ನಿಮ್ಮ ಕಾರಿನ ಸರ್ವೀಸ್ ಮ್ಯಾನ್ಯುಯಲ್‌ನಲ್ಲೇ ನೋಡಿಕೊಳ್ಳಿ.

ಚಕ್ರ ಮತ್ತೆ ಹಾಕುವಾಗ ವೀಲ್ ನಟ್‌ಗೆ ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತೆಂದು ತೋರಿಸುವ ಸ್ಪ್ಯಾನರ್) ಕಡ್ಡಾಯ. ಟ್ರ್ಯಾಕ್‌ನಲ್ಲಿ ಕೊನೆಯ ಸುತ್ತನ್ನು ನಿಧಾನವಾಗಿ ಓಡಿಸಿ ಬ್ರೇಕ್ ತಣಿಸಿ. ನಿಲ್ಲಿಸಿದ ಮೇಲೆ, ಬ್ರೇಕ್ ಇನ್ನೂ ಬಿಸಿಯಿರುವಾಗ, ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಕೊಡಿ.