ಗಾಲೆ ಕೋಟೆಯೊಳಗೆ ನಾವಿಬ್ಬರು, ಆತುರವಿಲ್ಲದೆ

ಶ್ರೀಲಂಕಾದ ಗಾಲೆಗೆ ಹೋಗುವವರಲ್ಲಿ ಬಹಳ ಮಂದಿ ಅಲ್ಲಿ ರಾತ್ರಿ ಉಳಿಯುವುದಿಲ್ಲ. ಕೊಲಂಬೊದಿಂದಲೋ ಹತ್ತಿರದ ಬೀಚುಗಳಿಂದಲೋ ವ್ಯಾನಿನಲ್ಲಿ ಬರುತ್ತಾರೆ. ಲೈಟ್‌ಹೌಸ್ ಮುಂದೆ ಒಂದು ಫೋಟೊ, ಒಂದೆರಡು ಅಂಗಡಿ, ಒಂದು ಊಟ, ಆಮೇಲೆ ವಾಪಸ್. ಕೋಟೆ ಗೋಡೆಯ ಮೇಲೆ ನೆರಳೇ ಇಲ್ಲದ ಸುಡು ಮಧ್ಯಾಹ್ನವೇ ಅವರ ಪಾಲಿಗೆ ಸಿಗುವುದು. ಆ ಕೋಟೆ ಚೆಂದ ಕಾಣುವುದು ಬೆಳಿಗ್ಗೆ ಮತ್ತು ಸಂಜೆ. ಅದಕ್ಕೇ ನಾವು ಗೋಡೆಯ ಒಳಗೇ ರೂಮು ಹಿಡಿದೆವು. ಬೇರೆ ಊರು ಯಾವುದನ್ನೂ ಸೇರಿಸಿಕೊಳ್ಳಲಿಲ್ಲ.

ಹೋಗುವ ದಾರಿ ಸುಲಭ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನ. ಅಲ್ಲಿನ ಫೋರ್ಟ್ ಸ್ಟೇಷನ್ನಿನಿಂದ ಗಾಲೆಗೆ ರೈಲು, ಎರಡೂವರೆ ಗಂಟೆಯ ಹಾದಿ. ಬಲಗಡೆ ಕಿಟಕಿ ಹಿಡಿಯಿರಿ. ಹಳಿ ಎಷ್ಟೋ ಕಡೆ ಅಲೆಗಳ ಪಕ್ಕದಲ್ಲೇ ಓಡುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಮೇ ತಿಂಗಳಿಂದ ಆ ಕಡೆ ಮುಂಗಾರು, ಕಡಲು ಒರಟು.

ನಾವಿದ್ದದ್ದು ಒಂದು ಹಳೆಯ ಮನೆಯಲ್ಲಿ. ದಪ್ಪ ಗೋಡೆ, ಮುಂದೆ ಕಂಬಗಳ ಜಗಲಿ, ನಡುವೆ ತೆರೆದ ಅಂಗಳ. ಕೋಟೆಯೊಳಗೆ ಇಂಥ ಮನೆಗಳು ಇನ್ನೂ ಬಹಳ ಇವೆ. ಹೋಟೆಲುಗಳು ಎಷ್ಟೇ ಬಂದಿದ್ದರೂ ಅದು ಜನ ಬದುಕುವ ಊರು. ಮಸೀದಿ, ಚರ್ಚು, ಬೌದ್ಧ ವಿಹಾರ, ಶಾಲೆ, ಕೋರ್ಟು ಎಲ್ಲವೂ ಒಂದೇ ಗೋಡೆಯೊಳಗೆ. ನಾವಿದ್ದ ಮನೆಯ ಒಡತಿಗೆ ಸಿಂಹಳದ ಜೊತೆ ತಮಿಳೂ ಬರುತ್ತಿತ್ತು. ನನ್ನ ಬೆಂಗಳೂರು ತಮಿಳು ಅಲ್ಲಿ ಚೆನ್ನಾಗಿ ಕೆಲಸಕ್ಕೆ ಬಂತು. ನಾನು ‘ಅಕ್ಕಾ’ ಅಂದರೆ ಅವರೂ ‘ಅಕ್ಕಾ’ ಅನ್ನುತ್ತಿದ್ದರು.

ದಿನಕ್ಕೆ ನಾವು ಇಟ್ಟುಕೊಂಡ ನಿಯಮ ಒಂದೇ: ಬೆಳಕು ಹರಿಯುವಾಗ ಒಮ್ಮೆ, ಸೂರ್ಯ ಇಳಿಯುವಾಗ ಒಮ್ಮೆ ಗೋಡೆಯ ಮೇಲೆ ನಡೆಯುವುದು. ಉಳಿದದ್ದೆಲ್ಲ ಬಂದ ಹಾಗೆ. ಬೆಳಿಗ್ಗೆ ಪೂರ್ವದ ಲೈಟ್‌ಹೌಸ್ ಕಡೆಯಿಂದ ಶುರು. ಈಗಿರುವ ಬಿಳಿ ಗೋಪುರವನ್ನು ಬ್ರಿಟಿಷರು 1939ರಲ್ಲಿ ಕಟ್ಟಿದರು. ಎದುರಿಗೇ ಮೀರಾನ್ ಮಸೀದಿ. ದೂರದಿಂದ ನೋಡಿದರೆ ಚರ್ಚು ಅಂತಲೇ ಅನಿಸುತ್ತದೆ. ಆ ಹೊತ್ತಿಗೆ ಗೋಡೆಯ ಮೇಲೆ ಬರೀ ಊರಿನವರು. ಯೂನಿಫಾರ್ಮ್ ಹಾಕಿದ ಮಕ್ಕಳು, ಓಡುವ ಹುಡುಗರು, ಮಾತಾಡುತ್ತಾ ನಡೆಯುವ ಅಜ್ಜಂದಿರು. ಇವರಿಗೆ, ಅಂದರೆ ನನ್ನ ಗಂಡನಿಗೆ, ಒಬ್ಬ ಅಜ್ಜ ಎರಡನೇ ದಿನವೇ ಕೈ ಎತ್ತಿ ನಮಸ್ಕಾರ ಮಾಡತೊಡಗಿದರು. ದಿನಾ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಹೋಗಿದ್ದಕ್ಕೆ ಸಿಕ್ಕ ಸ್ನೇಹ ಅದು.

ಗೋಡೆಯ ಕಥೆ ನಡೆಯುತ್ತಾ ನಡೆಯುತ್ತಾ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಮೊದಲ ಕೋಟೆ ಕಟ್ಟಿದ್ದು ಪೋರ್ಚುಗೀಸರು, 16ನೇ ಶತಮಾನದಲ್ಲಿ. 1640ರಲ್ಲಿ ಡಚ್ಚರು ಅದನ್ನು ಗೆದ್ದರು. ಈಗ ಕಾಣುವ ಗೋಡೆ, ಕೊತ್ತಲಗಳಲ್ಲಿ ಹೆಚ್ಚಿನವು ಅವರ ಕೆಲಸ. ಭೂಮಿಯ ಕಡೆಗೆ ಸೂರ್ಯ, ಚಂದ್ರ, ನಕ್ಷತ್ರ ಅಂತ ಹೆಸರಿಟ್ಟ ಮೂರು ದೊಡ್ಡ ಕೊತ್ತಲಗಳಿವೆ. 1796ರಲ್ಲಿ ಬ್ರಿಟಿಷರು ಬಂದರು. ಈ ಕೈ ಬದಲಾವಣೆ ನೋಡಬೇಕಾದರೆ ಹಳೆಯ ಬಾಗಿಲಿಗೆ ಹೋಗಿ. ಹೊರಗಡೆ ಬ್ರಿಟಿಷ್ ಲಾಂಛನ. ಒಳಗೆ ಹೋಗಿ ತಿರುಗಿ ನೋಡಿದರೆ ಡಚ್ ಈಸ್ಟ್ ಇಂಡಿಯಾ ಕಂಪನಿಯ ಅಕ್ಷರಗಳು, ಎರಡು ಸಿಂಹ, ಒಂದು ಹುಂಜ, 1669ರ ಇಸವಿ. ನಾವು ಆ ಹುಂಜದ ಕೆಳಗೆ ಎಷ್ಟೋ ಹೊತ್ತು ನಿಂತಿದ್ದೆವು. ಗುಂಪಿನ ಜೊತೆ ಬಂದವರಿಗೆ ಹಾಗೆ ನಿಲ್ಲೋಕೆ ಆಗಲ್ಲ ಅಲ್ವಾ?

ಇನ್ನು ಊಟ. ಸಸ್ಯಾಹಾರಿಗಳು ಒಂದು ವಿಷಯ ನೆನಪಿಡಬೇಕು. ಅಲ್ಲಿನ ಪೊಲ್ ಸಂಬೋಲ, ಅಂದರೆ ತುರಿದ ಕಾಯಿಗೆ ಕೆಂಪು ಮೆಣಸು, ಈರುಳ್ಳಿ, ನಿಂಬೆರಸ ಹಾಕಿದ್ದು, ನೋಡಲು ನಮ್ಮ ಚಟ್ನಿಯೇ. ಆದರೆ ಅದಕ್ಕೆ ಒಣಮೀನಿನ ಚೂರು ಹಾಕುವುದು ಸಾಮಾನ್ಯ. ಅದನ್ನು ಉಂಬಲಕಡ ಅನ್ನುತ್ತಾರೆ. ಕೆಲವು ಪಲ್ಯಗಳಲ್ಲೂ ಇರುತ್ತದೆ. ‘ಉಂಬಲಕಡ ಬೇಡ’ ಅಂತ ಮೊದಲೇ ಹೇಳಿದರೆ ಮಾಡಿಕೊಡುತ್ತಾರೆ. ಮೀನು ತಿನ್ನುವವರಿಗಂತೂ ಅದು ಸ್ವರ್ಗ. ನಮಗೆ ಅಕ್ಕ ದಿನಾ ಬೆಳಿಗ್ಗೆ ಬಿಸಿ ಒತ್ತು ಶಾವಿಗೆ, ತೆಂಗಿನ ಹಾಲಿನ ಬೇಳೆ, ಸಂಬೋಲ ಕೊಡುತ್ತಿದ್ದರು. ಒಂದು ದಿನ ತಟ್ಟೆಗೆ ಗೊಟುಕೊಳ ಬಂತು. ನೋಡಿದರೆ ನಮ್ಮ ಒಂದೆಲಗ! ಹಸಿಯಾಗಿ ಸಣ್ಣಗೆ ಹೆಚ್ಚಿ ಕಾಯಿತುರಿ ಕಲಸಿದ್ದರು. ನಾವು ತಂಬುಳಿ ಮಾಡುವ ಬಗೆಯನ್ನು ನಾನು ಹೇಳಿದೆ. ಅವರು ಅದೇ ಸೊಪ್ಪಿನ ಗಂಜಿ ಮಾಡುವ ಬಗೆಯನ್ನು ತೋರಿಸಿದರು. ಎಮ್ಮೆ ಮೊಸರಿಗೆ ಬೈನೆ ಮರದ ಪಾಕ ಸುರಿದು ತಿನ್ನುವುದನ್ನು ಮಾತ್ರ ಬಿಡಲೇಬೇಡಿ. ಮಲೆನಾಡಿನಲ್ಲಿ ಬೈನೆ ಮರಕ್ಕೇನು ಕಡಿಮೆ, ಆದರೂ ಹೀಗೆ ತಿಂದದ್ದು ನನಗೆ ಇಲ್ಲೇ ಮೊದಲು.

ಮಧ್ಯಾಹ್ನ ಹೊರಗೆ ಹೋಗಲೇಬಾರದು. ಜಗಲಿಯಲ್ಲಿ ಪುಸ್ತಕ, ನಿದ್ದೆ. ತೀರಾ ಬೇಕೆನಿಸಿದರೆ 1755ರ ಡಚ್ ಚರ್ಚಿಗೆ ಹೋಗಿ. ಒಳಗೆ ತಂಪು. ನೆಲದಲ್ಲಿ ಸಮಾಧಿ ಕಲ್ಲುಗಳನ್ನೇ ಹಾಸಿದ್ದಾರೆ. ಕಡಲಾಚೆಯಿಂದ ಬಂದು ಇಲ್ಲೇ ತೀರಿಕೊಂಡವರ ಹೆಸರುಗಳು ಕಾಲ ಬಳಿ ಇರುತ್ತವೆ. ನನಗೆ ಮೆಲ್ಲಗೆ ಹೆಜ್ಜೆ ಇಡುವಂತಾಯಿತು.

ಸಂಜೆ ಪಶ್ಚಿಮದ ಗೋಡೆ. ಟ್ರೈಟನ್ ಕೊತ್ತಲದ ಬಳಿ ಇಡೀ ಊರೇ ಸೂರ್ಯಾಸ್ತಕ್ಕೆ ಸೇರುತ್ತದೆ. ಗಾಳಿಪಟ, ಮಾವಿನಕಾಯಿ ಹೋಳು, ಪುಟ್ಟ ಮಕ್ಕಳ ಕ್ರಿಕೆಟ್. ಎಚ್ಚರ ಇರಲಿ, ಗೋಡೆಗೆ ಬಹಳ ಕಡೆ ಕಂಬಿ ಇಲ್ಲ. ಕತ್ತಲಾದ ಮೇಲೆ ಅಂಚಿಗೆ ಹೋಗಬೇಡಿ.

ಇವರಿಗೆ ಮಾತ್ರ ಉತ್ತರದ ಗೋಡೆಯೇ ಪ್ರೀತಿ. ಗಡಿಯಾರ ಗೋಪುರದ ಹತ್ತಿರ ಕೂತರೆ ಕೆಳಗೆ ಕ್ರಿಕೆಟ್ ಮೈದಾನ ಪೂರ್ತಿ ಕಾಣುತ್ತದೆ. 2008ರಲ್ಲಿ ನಮ್ಮ ಕುಂಬ್ಳೆ ನಾಯಕರಾಗಿದ್ದಾಗ ಸೆಹ್ವಾಗ್ ಔಟಾಗದೆ 201 ಹೊಡೆದು ಭಾರತ ಗೆದ್ದದ್ದು ಅಲ್ಲೇ. 2010ರಲ್ಲಿ ಮುರಳೀಧರನ್ ತಮ್ಮ ಕೊನೆಯ ಟೆಸ್ಟಿನಲ್ಲಿ 800ನೇ ವಿಕೆಟ್ ತೆಗೆದದ್ದೂ ಅಲ್ಲೇ. ನಾವು ಹೋದಾಗ ಪಂದ್ಯ ಇರಲಿಲ್ಲ. ಆದರೂ ಇವರು ಆ ಇನ್ನಿಂಗ್ಸನ್ನು ಕಣ್ಣೆದುರು ನಡೆಯುತ್ತಿರುವಂತೆ ನನಗೆ ವಿವರಿಸಿದರು. ಮನೆಯಲ್ಲಿ ಇಷ್ಟು ಸಮಾಧಾನವಾಗಿ ನಾನು ಕ್ರಿಕೆಟ್ ಕೇಳಿದ್ದೇ ಇಲ್ಲ. ಅಲ್ಲಿ ಕೇಳಿದೆ, ಖುಷಿಯೂ ಆಯಿತು.

ಅದೇ ಮೈದಾನ, ಅದರ ಪಕ್ಕದ ಬಸ್ ನಿಲ್ದಾಣ 2004ರ ಡಿಸೆಂಬರ್ 26ರ ಸುನಾಮಿಗೆ ಸಿಕ್ಕವು. ಗೋಡೆಯ ಹೊರಗಿನ ಊರಿನಲ್ಲಿ ಸಾವಿರಾರು ಜೀವ ಹೋದವು. ಒಳಗಿನ ಮನೆಗಳನ್ನು ಈ ಹಳೆಯ ಗೋಡೆ ಕಾಪಾಡಿತು. ಅಕ್ಕ ಆ ದಿನದ ಬಗ್ಗೆ ತಾನಾಗಿ ಏನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಲ್ಲಿಗೆ ಹೋಗುವವರು ನೀವೂ ಹಾಗೆಯೇ ಇರಿ ಅಂತ ನನ್ನ ಬೇಡಿಕೆ. ಅವರಾಗಿ ಮಾತು ತೆಗೆದರೆ ಕೂತು ಕೇಳಿ.

ಜೋಡಿಯಾಗಿ ಹೋಗುವವರಿಗೆ ಇನ್ನೊಂದು ಮಾತು. ಎಲ್ಲವನ್ನೂ ಜೊತೆಗೇ ಮಾಡಬೇಕಿಲ್ಲ. ಕೋಟೆ ಚಿಕ್ಕದು, ಅಲ್ಲಿ ಕಳೆದುಹೋಗಲು ಸಾಧ್ಯವೇ ಇಲ್ಲ. ಎಷ್ಟೋ ಸಲ ಇವರು ಗಡಿಯಾರ ಗೋಪುರದ ಬಳಿ, ನಾನು ಕೋರ್ಟಿನ ಮುಂದಿನ ದೊಡ್ಡ ಮರಗಳ ಕೆಳಗೆ. ಫೋನು ಬೇಕಾಗಲಿಲ್ಲ. ಸಂಜೆ ಟ್ರೈಟನ್ ಕೊತ್ತಲಕ್ಕೆ ಇಬ್ಬರೂ ಬಂದೇ ಬರುತ್ತಿದ್ದೆವು.

ಹುಣ್ಣಿಮೆ ಬರುವ ದಿನ ನೋಡಿಕೊಂಡು ಹೋಗಿ. ಅಲ್ಲಿ ಅದು ಪೋಯ, ಸರ್ಕಾರಿ ರಜೆ. ಮದ್ಯ, ಮಾಂಸದ ಅಂಗಡಿ ಮುಚ್ಚಿರುತ್ತವೆ. ರೈಲಿನಲ್ಲಿ ಜನ ಜಾಸ್ತಿ, ಆದ್ದರಿಂದ ಬರುವ, ಹೊರಡುವ ದಿನವನ್ನು ಪೋಯಕ್ಕೆ ಇಟ್ಟುಕೊಳ್ಳಬೇಡಿ. ಮೊದಲೇ ಊರಿನಲ್ಲಿದ್ದರೆ ಮಾತ್ರ ಒಳ್ಳೆಯದು. ಬಿಳಿ ಬಟ್ಟೆ ಉಟ್ಟು ಕೋಟೆಯೊಳಗಿನ ವಿಹಾರಕ್ಕೆ ಬರುವವರನ್ನು ನೋಡಬಹುದು.